ಸಾವ್ಕಾರರ ಎಕ್ಸ್‌ಪಿ

ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಜೀನ್ಸ್ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ವಿಂಡೋಸ್ ಎಕ್ಸ್‌ಪಿ ಇನ್ನೂ ಹಾಯಾಗಿದೆ. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಅದಕ್ಕೆ ಎಳ್ಳುನೀರು ಬಿಟ್ಟದ್ದನ್ನು ಸಾವ್ಕಾರರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ.

ಬಿಲ್ಲಿನ ಪ್ರೋಗ್ರಾಂ ಆಗಾಗ ನಿಂತುಬಿಡುತ್ತಿತ್ತು. ರಿಪೇರಿಗೆ ಬಂದ ಹುಡುಗ ಹೊಸ ಡಿಬಗರ್ ಹಾಕಿದರೆ, ‘ಇದು ವ್ಯಾಲಿಡ್ ವಿನ್32 ಅಪ್ಲಿಕೇಶನ್ ಅಲ್ಲ’ ಅಂತ ಎಕ್ಸ್‌ಪಿ ಬಾಗಿಲಲ್ಲೇ ತಡೆಯಿತು. ಡಾಕ್ಟರನ್ನೇ ಒಳಗೆ ಬಿಡದಿದ್ದರೆ ರೋಗಿಯ ಗತಿ?

“ಹೊಸಾ ಕಂಪ್ಯೂಟರ್ ತಗೊಳ್ರಿ ಸಾವ್ಕಾರ್ರೇ.”

“ಹೊಸಾದ್ರಾಗ ಈ ಪ್ರೋಗ್ರಾಂ ನಡಿತೈತೇನಲೇ ತಮ್ಮಾ?”

ಹುಡುಗ ತೆಪ್ಪಗಾದ. ಬಿಲ್ಲಿನ ಪ್ರೋಗ್ರಾಂ ಟರ್ಬೊ ಪಾಸ್ಕಲ್ ಎಂಬ ಹಳೇ ಕಂಪೈಲರಿನಲ್ಲಿ ಮಾಡಿದ 16 ಬಿಟ್‌ನದು. 64 ಬಿಟ್ ವಿಂಡೋಸ್ 16 ಬಿಟ್‌ನವರನ್ನು ಹೊಸಿಲು ತುಳಿಯಲೂ ಬಿಡುವುದಿಲ್ಲ. ಟರ್ಬೊ ಪಾಸ್ಕಲ್‌ನ ಎಷ್ಟೋ ಪ್ರೋಗ್ರಾಂಗಳದ್ದು ಇನ್ನೂ ತಮಾಷೆ: ಶುರುವಿನಲ್ಲೇ ಪ್ರೊಸೆಸರಿನ ವೇಗ ಅಳೆಯಲು ಹೋಗಿ, ಅದು ತೀರಾ ಚುರುಕಾಗಿದ್ದರೆ ಭಾಗಾಕಾರ ಕೈಕೊಟ್ಟು ‘ರನ್‌ಟೈಮ್ ಎರರ್ 200’ ಎಂದು ಮಲಗುತ್ತಿದ್ದವು. ಚುರುಕಾಗಿರುವುದೇ ಅಪರಾಧ!

ಕೊನೆಗೆ ಹುಡುಗ ಹಳೇ ಕಂಪೈಲರನ್ನೇ ಎಬ್ಬಿಸಿ, ಸಾಲಿಗೊಂದು ಪ್ರಿಂಟ್ ಹಾಕುತ್ತಾ ಕೂತ. ತಪ್ಪು ಸಿಕ್ಕಿತು. ರಿಯಾಯಿತಿಯ ಜಾಗದಲ್ಲಿ ಸಾವ್ಕಾರರು ಅಂಕಿ ಹಾಕದೆ, ‘ನೋಡೋಣ’ ಅಂತ ಟೈಪ್ ಮಾಡುತ್ತಿದ್ದರು.