ಅಜ್ಜತ್ವ ಮೀಮಾಂಸೆ

ಮುಪ್ಪು ಮೊದಲು ಮೊಣಕಾಲಿಗೆ ಬರುತ್ತದೆಂಬುದು ಪೂರ್ವಪಕ್ಷ. ಅದು ಬರುವುದು ಬೇರೆಯವರ ಬಾಯಿಂದ ಎಂಬುದು ಈ ಪ್ರಬಂಧದ ಸಿದ್ಧಾಂತ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಬಸ್‌ಸ್ಟ್ಯಾಂಡುಗಳಲ್ಲಿ ಗಿರ್ಮಿಟ್ಟು ತಿನ್ನುತ್ತ ಕೂತು ಇದನ್ನು ಸಾಧಿಸಿದ್ದೇನೆ.

ಇಲ್ಲಿ ಗಂಡಸಿನ ಆಯುಷ್ಯಕ್ಕೆ ನಾಲ್ಕೇ ಪರ್ವ: ತಮ್ಮಾ, ಅಣ್ಣಾ, ಕಾಕಾ, ಅಜ್ಜಾ. ಮೂರನ್ನು ಯಾವ ಸಿದ್ಧತೆಯೂ ಇಲ್ಲದೆ ದಾಟಬಹುದು. ನಾಲ್ಕನೆಯದು ಬೆನ್ನ ಹಿಂದಿನಿಂದ ಎರಗುತ್ತದೆ: "ಅಜ್ಜಾ, ಸ್ವಲ್ಪ ಸರೀರಿ!" ಕರೆಸಿಕೊಂಡವನು ಹಿಂದಿರುಗಿ, ಅಜ್ಜ ಯಾರೆಂದು ಹುಡುಕುತ್ತಾನೆ. ಈ ಹುಡುಕಾಟವೇ ಅಜ್ಜತ್ವದ ಪ್ರಥಮ ಲಕ್ಷಣ.

ಎರಿಕ್ ಎರಿಕ್‌ಸನ್ ಎಂಬ ಮನಶ್ಶಾಸ್ತ್ರಜ್ಞ ಬಾಳನ್ನು ಎಂಟು ಘಟ್ಟ ಮಾಡಿ, ಕೊನೆಯದರಲ್ಲಿ ಮನುಷ್ಯ ಬಾಳಿದ್ದನ್ನು ಒಪ್ಪಿಕೊಳ್ಳುತ್ತಾನೆ, ಇಲ್ಲವೇ ಕೊರಗುತ್ತಾನೆ ಎಂದ. ಹೆಂಡತಿ ಜೋನ್ ಅದಕ್ಕೆ ಒಂಬತ್ತನೆಯದನ್ನು ಸೇರಿಸಿದ್ದು 1997ರಲ್ಲಿ. ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲವೆಂದು ಸಾಧಿಸಲು ಯಾರೂ ಮುಂದೆ ಬಂದಿಲ್ಲ.

ಒಪ್ಪುವುದು, ಕೊರಗುವುದು ಎರಡೂ ಅಲ್ಲದ ದಾರಿ ನಮ್ಮಲ್ಲಿದೆ. ಬೆಟಗೇರಿಯ ನೇಕಾರ ಕಣ್ಣು ಮಂಜಾದಾಗ "ಬಲ್ಬ್ ಕೆಟ್ಟೈತಿ" ಎನ್ನುತ್ತಾನೆ. ಬಲ್ಬು ಬದಲಾದರೆ "ಎಳಿ ಸಣ್ಣ ಮಾಡ್ಯಾರ". ಎಳೆಯೂ ನಿರ್ದೋಷಿ ಎಂದಾದ ಮೇಲೇ ಚಾಳೀಸು. ಆ ಶಬ್ದದ ಹೊಟ್ಟೆಯಲ್ಲೇ ನಲವತ್ತಿದೆ. ಭಾಷೆ ಇಪ್ಪತ್ತು ವರ್ಷ ಮೊದಲೇ ನೋಟಿಸು ಕೊಟ್ಟಿತ್ತು. (ಕನ್ನಡಕ ಎನ್ನುವವರಿಗೆ ಆ ನೋಟಿಸೂ ತಲುಪಿಲ್ಲ, ಪಾಪ.) ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, ನೋಡಹೋದವನು ಕೆರೆಯ ಏರಿ ಹತ್ತುವಾಗ ಮೂರು ಸಲ "ಸೀನರಿ ಛಲೋ ಐತಿ" ಎಂದು ನಿಲ್ಲುತ್ತಾನೆ. ಲಕ್ಷ್ಮೇಶ್ವರವನ್ನು ನೋಡಿ ಕಲಿಯಬೇಕು: ಪುಲಿಗೆರೆ ಎಂಬ ಹುಲಿಯಂಥ ಹೆಸರು ಹೋದರೂ ಊರು ಮುನಿಸಿಕೊಂಡಿಲ್ಲ.

ಅಜ್ಜಿಯರ ಮೇಲೆ ಪ್ರಯೋಗ ಸಾಧ್ಯವಾಗಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಟಿಕೆಟ್ಟೇ ಪುಕ್ಕಟೆ, ವಯಸ್ಸು ಕೇಳುವವರಿಲ್ಲ. ಗಂಡಸಿಗೆ ಮಾತ್ರ ಅರವತ್ತಾಯಿತೆಂದು ರುಜುವಾತು ಮಾಡಿದರೆ ಶೇಕಡಾ 25 ರಿಯಾಯಿತಿ.

'ಅರವತ್ತಕ್ಕೆ ಅರಳು ಮರಳು' ಎಂದು ಜನ ಅನ್ನುವ ಮೊದಲೇ ಬೇಂದ್ರೆ ತಮ್ಮ ಸಂಕಲನಕ್ಕೆ 'ಅರಳು ಮರಳು' ಎಂದೇ ಹೆಸರಿಟ್ಟು 1958ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದರು. ತಾನೇ ಮೊದಲು ಅಂದುಬಿಡುವ ಈ ಉಪಾಯವನ್ನು ನಾನೂ ಮುಂಡರಗಿ ಬಸ್ಸಿನಲ್ಲಿ ಪರೀಕ್ಷಿಸಿದೆ. ಕಂಡಕ್ಟರ್ ಬಾಯಿ ತೆರೆಯುವ ಮುನ್ನ ಕಾರ್ಡು ಚಾಚಿದೆ. ಅವನು ನೋಡಲೇ ಇಲ್ಲ. "ಇಟ್ಕೋರಿ ಅಜ್ಜಾರ. ನಿಮ್ಮ ಮಾರಿ ನೋಡೇ ಕಾಲು ಭಾಗ ಮುರ್ಕೊಂಡೀನಿ."

ಕೇಳಿದ ಹುಡುಗನೊಬ್ಬ ಸೀಟು ಬಿಟ್ಟೆದ್ದ. "ಇಲ್ಲೇ ಮುಂದ ಇಳಿತೀನಿ" ಎಂದೆ, ಕೈಯಲ್ಲಿ ಮುಂಡರಗಿ ಟಿಕೆಟ್ಟು ಹಿಡಿದು. ಡಂಬಳದವರೆಗೆ ಸೀಟು ಖಾಲಿ. ಆಚೆ ಅವನು, ಈಚೆ ನಾನು ನಿಂತಿದ್ದೆವು. ಡಂಬಳದಲ್ಲಿ ಹತ್ತಿದ ಮುದುಕಿ ಗಂಟು ಕಂಕುಳಲ್ಲಿಟ್ಟು ನುಗ್ಗಿ ಬಂದಳು. "ಆಕಡೆ ಸರಿಯೋ ತಮ್ಮಾ!"

ತಮ್ಮ ಯಾರೆಂದು ನಾನು ಹಿಂದಿರುಗಿ ನೋಡಿದೆ.