ಕೋಣೆಗೆ ತಕ್ಕ ಕತ್ತರಿ

“5 ಲಕ್ಷದ ಆರೋಗ್ಯ ಪಾಲಿಸಿ ಅಂದಿರಲ್ಲ ಏಜೆಂಟರೇ, ಆಸ್ಪತ್ರೆ ಬಿಲ್ಲಿಗೆ ಇಷ್ಟೊಂದು ಕತ್ತರಿ ಯಾಕೆ?” “ಕೋಣೆ ಬಾಡಿಗೆ ಮಿತಿ ವಿಮಾ ಮೊತ್ತದ ಶೇ. 1 ಸರ್, ದಿನಕ್ಕೆ 5,000. ತಾವು 10,000ದ ಕೋಣೆ ಹಿಡಿದಿರಿ.” “ಹೆಚ್ಚಿನ ಬಾಡಿಗೆ ನಾನೇ ಕಟ್ಟುತ್ತೇನೆ. ಸರ್ಜನ್ನರ ಫೀಸು?” “ಅದೂ ಅದೇ ಲೆಕ್ಕದಲ್ಲಿ ಅರ್ಧ ಸರ್.”

ಪುಣ್ಯಕ್ಕೆ, ಔಷಧಕ್ಕೆ ಈ ಲೆಕ್ಕ ಹಾಕುವಂತಿಲ್ಲ. ಏಜೆಂಟರ ಲೆಕ್ಕಕ್ಕೂ ಕಾರಣವಿದೆ: ದುಬಾರಿ ಕೋಣೆಯವರಿಗೆ ಎಷ್ಟೋ ಆಸ್ಪತ್ರೆಗಳು ಅದೇ ಆಪರೇಷನ್ನಿಗೂ ಹೆಚ್ಚು ದರ ಹಾಕುತ್ತವೆ; ಮಿತಿ ತೆಗೆದರೆ ಎಲ್ಲರ ಪ್ರೀಮಿಯಂ ಏರುತ್ತದೆ. ಪಾಲಿಸಿಯೇ ಇಲ್ಲದವನು ಹೊಲ ಮಾರಬೇಕಾದೀತು, ಅದೂ ನಿಜ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ. 18 ಜಿಎಸ್‌ಟಿಯೂ ಹೋಯಿತು. ಆದರೆ ಗ್ರಾಹಕನಿಗೆ ಹೊರೆಯಾಗುವುದು ಪ್ರೀಮಿಯಮ್ಮಿಗಿಂತ ಷರತ್ತು. ಅದು ಕಾಣುವುದು ಡಿಸ್ಚಾರ್ಜ್ ದಿನ.

“ಮಾರುವಾಗಲೇ ಹೇಳಬಾರದಿತ್ತೇ?” “ತಾವು ತೆರಿಗೆ ವಿನಾಯಿತಿ ಮಾತ್ರ ಕೇಳಿದ್ರಿ ಸರ್.”