ಒಂದ್ನಿಮಿಷ, ಅಲ್ಲೇ ನಿಲ್ಸು!

ಮದುವೆಗೊಬ್ಬ ಮುನಿಸಿಕೊಳ್ಳುವ ಬೀಗರು ಇದ್ದೇ ಇರುವ ಹಾಗೆ ಮನೆತನಕ್ಕೊಬ್ಬ ವೀಡಿಯೊ ಮಾವ ಇದ್ದೇ ಇರುತ್ತಾರೆ. ವಯಸ್ಸು ಎಪ್ಪತ್ತರ ಆಸುಪಾಸು. ಕೆಲಸದಲ್ಲಿದ್ದಾಗ ಒಂದು ಫೈಲು ಹುಡುಕಿಕೊಡಲು ಜನರನ್ನು ಆರು ತಿಂಗಳು ಅಲೆಸಿದವರೇ ಇರಬಹುದು. ಆದರೆ ಮನೆಯ ಕ್ಯಾಸೆಟ್ಟುಗಳಿಗೆ ಮಾತ್ರ ನಂಬರು, ಲೇಬಲ್ಲು, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದ ರಿಜಿಸ್ಟರು. ಬೀರುವಿನಲ್ಲಿ ಅತ್ತೆಯ ಒಡವೆ ಇರಬೇಕಾದ ಜಾಗದಲ್ಲಿ ಹಾರ್ಡ್ ಡಿಸ್ಕ್ ಇರುತ್ತದೆ. ಒಡವೆ ಎಲ್ಲಿದೆ ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ.

ಊಟಕ್ಕೆ ಕರೆಯುವಾಗ ಇವರು ವೀಡಿಯೊದ ಸುದ್ದಿಯನ್ನೇ ಎತ್ತುವುದಿಲ್ಲ. ಬಿಸಿಬೇಳೆಬಾತು, ಬೂದುಗುಂಬಳದ ಮಜ್ಜಿಗೆಹುಳಿ ಎಂದು ಆಸೆ ಹುಟ್ಟಿಸುತ್ತಾರೆ. ಕೈ ತೊಳೆದು ಬರುವಷ್ಟರಲ್ಲಿ ಹಾಲಿನ ಕಿಟಕಿ ಪರದೆ ಎಳೆದಾಗಿರುತ್ತದೆ, ನಮ್ಮ ಚಪ್ಪಲಿಯೂ ಬಾಗಿಲ ಬಳಿಯಿಂದ ಒಳಗೆಲ್ಲೋ ಹೋಗಿರುತ್ತದೆ. "ಒಂದೇ ಒಂದು ತೋರಿಸಿ ಬಿಟ್ಬಿಡ್ತೀನಿ. ಹತ್ತು ನಿಮಿಷ." ಆ ಹತ್ತು ನಿಮಿಷ ಮುಗಿಯುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಏಕೆಂದರೆ ಮಾವ ವೀಡಿಯೊ ಓಡಿಸುವವರಲ್ಲ, ನಿಲ್ಲಿಸುವವರು.

ಹಳೇ ಸಿನಿಮಾ ಹಾಕಿದರಂತೂ ಕಥೆ ಬೇಕಾದವರು ಆಸೆ ಬಿಡಬೇಕು. 'ನಾಗರಹಾವು' ಹಾಕಿ, ರಾಮಾಚಾರಿ ಕೋಟೆ ಹತ್ತುತ್ತಿದ್ದಾನೆ ಎಂದುಕೊಳ್ಳಿ. ಮಾವ ನೋಡುವುದು ರಾಮಾಚಾರಿಯನ್ನಲ್ಲ, ಹಿಂದಿನ ಬಂಡೆಯನ್ನು. "ಒಂದ್ನಿಮಿಷ, ಅಲ್ಲೇ ನಿಲ್ಸು! ಈ ಬಂಡೆ ಇದೆಯಲ್ಲ, ಹೈಸ್ಕೂಲ್ ಟೂರಲ್ಲಿ ಇದರ ಮೇಲೇ ಕೂತು ಚಿತ್ರಾನ್ನ ತಿಂದಿದ್ವಿ." ಪುಟ್ಟಣ್ಣ ಕಣಗಾಲರು 1972ರಲ್ಲಿ ಅಷ್ಟು ಕಷ್ಟಪಟ್ಟು ಚಿತ್ರದುರ್ಗವನ್ನು ತೆರೆಗೆ ತಂದದ್ದು ನಮ್ಮ ಮಾವನ ಚಿತ್ರಾನ್ನಕ್ಕೆ ಸಾಕ್ಷಿ ಒದಗಿಸಲು ಎಂದು ನಮಗೆ ಮನದಟ್ಟಾಗಿಹೋಗಿದೆ. ಅದೇ ವರ್ಷದ 'ಬಂಗಾರದ ಮನುಷ್ಯ' ಬಂದರೆ ಚಿತ್ರಕ್ಕಿಂತ ಮೊದಲು ಥಿಯೇಟರಿನ ಪುರಾಣ. ಬೆಂಗಳೂರಿನ ಸ್ಟೇಟ್ಸ್ ಟಾಕೀಸು, ಅದೇ ಆಮೇಲೆ ಭೂಮಿಕಾ ಆದದ್ದು, ಕೆಂಪೇಗೌಡ ರಸ್ತೆಯಲ್ಲಿ ಕ್ಯೂ ನಿಂತದ್ದು, ಮುಂದೆ ನಿಂತವನ ಶರಟಿನ ಬಣ್ಣ. ಆ ಚಿತ್ರ ಓಡಿದ್ದು ವರ್ಷಗಟ್ಟಲೆ. ಮಾವನ ವಿವರಣೆಯೂ ಅದಕ್ಕೆ ತಕ್ಕಂತೆಯೇ ಇದೆ.

ಹೊಸ ಟೀವಿ ಅಗಲವಾದದ್ದು, ಹಳೇ ಚಿತ್ರ ಚೌಕಾಕಾರದ್ದು. ಮೊಮ್ಮಗ ಯಾವುದೋ ಗುಂಡಿ ಒತ್ತಿ ಚಿತ್ರವನ್ನು ಅಂಚಿನಿಂದ ಅಂಚಿಗೆ ಎಳೆದರೆ ಮಾವನಿಗೆ ಮೈಯೆಲ್ಲ ಉರಿ. "ರಾಜ್‌ಕುಮಾರ್ ಅಷ್ಟು ದಪ್ಪ ಇದ್ರೇನೋ? ಯೋಗ ಮಾಡ್ತಿದ್ದ ಶರೀರ ಕಣೋ ಅದು!" ಆದರೆ ಅತ್ತೆಯ ಸೀಮಂತದ ವೀಡಿಯೊ ಹೀಗೆಯೇ ಎಳೆದಾಡಿಕೊಂಡು ಓಡಿದಾಗ ಅವರು ಚಕಾರ ಎತ್ತಲಿಲ್ಲ. ಅತ್ತೆ ಮಾತ್ರ ಎತ್ತಿದರು.

ಎಲ್ಲಕ್ಕಿಂತ ಇಷ್ಟದ್ದು 'ಕಸ್ತೂರಿ ನಿವಾಸ', ಅದೂ 1971ರ ಕಪ್ಪುಬಿಳುಪಿನದ್ದೇ ಆಗಬೇಕು. 2014ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಬಂದರು, ಬಂದವರೇ ರೇಗಿದರು. "ಆ ಕೋಟು ಯಾವ ಬಣ್ಣದ್ದು ಅಂತ ಇವರಿಗೆ ಹೇಳಿದ್ಯಾರು?" ಬೆಂಕಿಪೊಟ್ಟಣದ ಕಾರ್ಖಾನೆಯ ಯಜಮಾನ ಕೊಟ್ಟೂ ಕೊಟ್ಟೂ ಬರಿಗೈಯಾಗುವ ಕಥೆ ಅದು. ಕೊನೆಯ ಭಾಗದಲ್ಲಿ ಮಾವ ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸುತ್ತಾರೆ, ಕಣ್ಣು ಒರೆಸಿದಂತೆ ಕಾಣಬಾರದೆಂದು. "ಕೊಡೋನು ಅಂದ್ರೆ ಹೀಗಿರ್ಬೇಕು ಪುಟ್ಟಿ. ಇಲ್ಲ ಅನ್ನೋ ಮಾತೇ ಬಾಯಲ್ಲಿ ಬರಲ್ಲ ನೋಡು." ಆ ಗಳಿಗೆಯಲ್ಲಿ ಯಾರಾದರೂ ಕೈಗಡ ಕೇಳಿದರೆ ಏನಾಗುತ್ತಿತ್ತು ಎಂದು ನಾವು ಪರೀಕ್ಷಿಸಲು ಹೋಗಿಲ್ಲ.

ಮಾವನಿಗೆ ಈ ದೀಕ್ಷೆ ಆದದ್ದು ಎಂಬತ್ತರ ದಶಕದಲ್ಲಿ. ಟೀವಿ, ವಿಸಿಪಿ ಎರಡನ್ನೂ ಒಂದು ರಾತ್ರಿಗೆ ಬಾಡಿಗೆಗೆ ತಂದು, ಒಂದು ಅಣ್ಣಾವ್ರದ್ದು, ಒಂದು ಹಿಂದಿ, ಹೆಂಗಸರಿಗೆಂದು ಒಂದು ದೇವರ ಚಿತ್ರ ಹಾಕಿ, ಬೀದಿಯವರೆಲ್ಲ ಜಮಖಾನದ ಮೇಲೆ ಕೂತು ಬೆಳಗಿನ ಹಾಲು ಬರುವ ತನಕ ನೋಡುತ್ತಿದ್ದ ಕಾಲ. ಬಾಡಿಗೆ ವಸೂಲಾಗಬೇಕೆಂದು ಯಾರೂ ನಿದ್ದೆ ಮಾಡುವಂತಿರಲಿಲ್ಲ. ತೂಕಡಿಸುವವರನ್ನು ಮಾವ ತಿವಿದು ಎಬ್ಬಿಸುತ್ತಿದ್ದರು. ಬಾಡಿಗೆ ಹೋಗಿ ಸ್ವಂತದ ವಿಸಿಆರ್ ಬಂದರೂ ತಿವಿಯುವ ಅಭ್ಯಾಸ ಉಳಿದುಕೊಂಡಿದೆ.

ಟೇಪಿಗೆ ಬೂಷ್ಟು ಹಿಡಿದರೆ ಬಿಸಿಲು ಎಷ್ಟು ಹೊತ್ತು ತೋರಿಸಬೇಕು, ಹೆಡ್ಡು ಒರೆಸಲು ಸ್ಪಿರಿಟ್ಟಿನ ಜೊತೆ ಯಾವ ಬಟ್ಟೆ ಬೇಕು ಎಂಬುದರಲ್ಲಿ ಮಾವ ಪಂಡಿತರು. ನಮ್ಮ ಜ್ವರಕ್ಕೆ ಎಂದೂ ಸಿಗದ ಆರೈಕೆ ಅದು. 2016ರಲ್ಲಿ ಜಪಾನಿನ ಫುನಾಯ್ ಕಂಪನಿಯವರು ವಿಸಿಆರ್ ತಯಾರಿಕೆ ನಿಲ್ಲಿಸಿದರು, ಇನ್ನು ಜಗತ್ತಿನಲ್ಲಿ ಹೊಸ ವಿಸಿಆರ್ ಹುಟ್ಟುವುದಿಲ್ಲ ಎಂದು ಪೇಪರಿನಲ್ಲಿ ಓದಿದ ದಿನ ಮಾವ ಮಧ್ಯಾಹ್ನದ ಊಟಕ್ಕೆ ತಡವಾಗಿ ಬಂದರು. ಆಮೇಲೆ ಮೈಸೂರಿನ ಗುಜರಿಗಳನ್ನೆಲ್ಲ ತಡಕಿ ಸತ್ತ ವಿಸಿಆರ್‌ಗಳನ್ನು ಅಂಗಾಂಗ ದಾನಕ್ಕೆಂದು ತಂದು ಅಟ್ಟದ ಮೇಲೆ ಪೇರಿಸಿದರು. ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವೂ ಅವರದೇ. ಮೂರು ಗಂಟೆಯ ಟೇಪು ಇಳಿಯಲು ಮೂರು ಗಂಟೆಯೇ ಬೇಕು, ಅವಸರ ಮಾಡಿಸುವ ದಾರಿಯಿಲ್ಲ. ಮಾವನ ಬದುಕಿನಲ್ಲಿ ಇಷ್ಟು ಒಪ್ಪಿಗೆಯಾದ ಯಂತ್ರ ಇನ್ನೊಂದು ಬಂದಿಲ್ಲ.

ಅಮೆರಿಕದಲ್ಲಿದ್ದ ಷಡ್ಡಕರಿಗೆ ಒಮ್ಮೆ ಕ್ಯಾಸೆಟ್ಟು ಕಳಿಸಿದ್ದರು. ಅಲ್ಲಿಂದ ಐಎಸ್‌ಡಿ ಬಂತು: ಹೆಣ್ಣುಗಂಡು ಇಬ್ಬರೂ ಕಪ್ಪುಬಿಳುಪಾಗಿ ಮೇಲಿಂದ ಕೆಳಕ್ಕೆ ಉರುಳುತ್ತಲೇ ಇದ್ದಾರೆ, ನಿಲ್ಲುತ್ತಿಲ್ಲ! ನಮ್ಮದು ಪಾಲ್, ಅವರದು ಎನ್‌ಟಿಎಸ್‌ಸಿ, ಒಂದರದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ ಎಂದು ಗೊತ್ತಾದ ಮೇಲೆ ಮಾವ ಎದೆಯುಬ್ಬಿಸಿ ಹೇಳಿದ್ದು ಇಷ್ಟೇ: "ನಮ್ಮದರಲ್ಲಿ 625 ಗೆರೆ, ಅವರದರಲ್ಲಿ ಬರೀ 525. ನೂರು ಗೆರೆ ನಾವೇ ಮುಂದೆ."

ಮನೆಯ ವೀಡಿಯೊಗಳಲ್ಲಿ ದೊಡ್ಡಮಗನ ಉಪನಯನ ವಿಶೇಷವಾದದ್ದು. ವಟು ಬೆಳ್ಳಿ ಬಟ್ಟಲು ಹಿಡಿದು ತಾಯಿಯ ಮುಂದೆ ಭಿಕ್ಷೆಗೆ ನಿಲ್ಲುತ್ತಾನೆ, ಅತ್ತೆ ಅಕ್ಕಿ ತೆಗೆದುಕೊಂಡು ಕೈ ಎತ್ತುತ್ತಾರೆ, ತಟಕ್ಕನೆ ಒಂದು ಅಡ್ಡಗೆರೆ ಓಡಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವೆಂಕಟೇಶ್ ಪ್ರಸಾದ್ ಆಮೀರ್ ಸೊಹೇಲನ ಸ್ಟಂಪು ಎಗರಿಸುತ್ತಾರೆ. 1996ರ ವಿಶ್ವಕಪ್ಪಿನ ದಿನ ಖಾಲಿ ಕ್ಯಾಸೆಟ್ಟು ಸಿಗದೆ, ಮುರಿದ ಮೂಲೆಗೆ ಸೆಲ್ಲೋಟೇಪು ಅಂಟಿಸಿ ರೆಕಾರ್ಡ್ ಒತ್ತಿದವರು ಯಾರೆಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಮನೆಯಲ್ಲಿ ಸೆಲ್ಲೋಟೇಪು ಇದ್ದದ್ದು ಮಾವನ ಮೇಜಿನ ಮೇಲೆ ಮಾತ್ರ. ಹಾಗೆ ನೋಡಿದರೆ ಆ ಮಗನಿಗೆ ಇನ್ನೂ ಭಿಕ್ಷೆಯೇ ಬಿದ್ದಿಲ್ಲ.

ಕಿರೀಟಪ್ರಾಯವಾದದ್ದು 1992ರ ಚಿಕ್ಕಮ್ಮನ ಮದುವೆ, ಮೂರು ಭಾಗ. ಶುರುವಿನಲ್ಲೇ ಗುಲಾಬಿ ಹೂವೊಂದು ಅರಳಿ ಒಳಗಿಂದ ಚಿಕ್ಕಪ್ಪನ ಮೀಸೆ ಹೊರಬರುತ್ತದೆ. ಧಾರೆಯ ಹೊತ್ತಿಗೆ ವೀಡಿಯೊದವನ ದೀಪಕ್ಕೆ ಪುರೋಹಿತರು ಕಣ್ಣು ಕಿವುಚಿಕೊಂಡು ಅಕ್ಷತೆಯನ್ನು ಬೀಗರ ಕೋಟಿನ ಮೇಲೆ ಹಾಕುತ್ತಾರೆ. ಊಟದ ಪಂಕ್ತಿಯಲ್ಲಂತೂ ಆ ದೀಪ ಎಲೆಯಿಂದ ಎಲೆಗೆ ಸರಿದಂತೆ ಒಬ್ಬೊಬ್ಬರೇ ಅಗಿಯುವುದನ್ನು ನಿಲ್ಲಿಸಿ, ಕೆನ್ನೆ ಉಬ್ಬಿಸಿಕೊಂಡೇ ಗಂಭೀರರಾಗಿ, ದೀಪ ಪಕ್ಕದವರಿಗೆ ದಾಟಿದ ಮೇಲೆ ಮತ್ತೆ ಅಗಿಯುತ್ತಾರೆ. ಮಾವ ಎಲೆಗೊಂದು ಸಲ ನಿಲ್ಲಿಸುತ್ತಾರೆ. ಇವರು ಈಗಿಲ್ಲ. ಇವರು ಇದ್ದಾರೆ, ಮಾತಿಲ್ಲ. ಇವರಿಗೆ ಆಗಲೇ ಸಕ್ಕರೆ ಕಾಯಿಲೆ, ಹೋಳಿಗೆ ನೋಡು ಎಷ್ಟಿದೆ. ಆ ಪಂಕ್ತಿ ಮುಗಿಯುವುದರೊಳಗೆ ನಮಗೆ ಮತ್ತೆ ಹಸಿವಾಗುತ್ತದೆ.

ಈ ಮೂರು ಭಾಗಗಳ ಉದ್ದಕ್ಕೂ ಒಬ್ಬ ಮನುಷ್ಯ ಕಾಣುತ್ತಾನೆ. ಬಿಳಿ ಶರಟು, ಪಂಚೆ, ಹೆಗಲ ಮೇಲೆ ಕೆಂಪಂಚಿನ ಟವೆಲು, ಕೈಯಲ್ಲಿ ಪುಟ್ಟ ಪುಸ್ತಕ. ಯಾವ ಪಂಕ್ತಿಯಲ್ಲೂ ಕೂತಿಲ್ಲ. ಆದರೆ ಮಾವ ಎಲ್ಲೆಲ್ಲಿ ಇದ್ದಾರೋ ಅಲ್ಲೆಲ್ಲ ಎರಡು ಹೆಜ್ಜೆ ಹಿಂದೆ ನಿಂತಿದ್ದಾನೆ. ಮಾವ ಬೀಗರಿಗೆ ಪನ್ನೀರು ಚಿಮುಕಿಸುವಾಗ ಕಂಬದ ಮರೆಯಲ್ಲಿ; ಮಾವ ಆರತಕ್ಷತೆಯ ಗುಂಪು ಫೋಟೊಗೆ ನಿಂತಾಗ ಅಂಚಿನಲ್ಲಿ ಅರ್ಧ ಮುಖ. ಮೂವತ್ತು ವರ್ಷದಿಂದ ಈತ ಯಾರೆಂದು ಎರಡೂ ಕಡೆಯವರು ತಲೆ ಕೆಡಿಸಿಕೊಂಡಿದ್ದಾರೆ. ಗಂಡಿನ ಕಡೆಯವರು ನಮ್ಮವರೆನ್ನುತ್ತಾರೆ, ನಾವು ಅವರ ಕಡೆಯವರೆನ್ನುತ್ತೇವೆ. ಮಾವನ ತೀರ್ಮಾನವೇ ಬೇರೆ. "ಯಾರೋ ದೊಡ್ಡ ಮನುಷ್ಯ. ಕೈಲಿ ಪುಸ್ತಕ ನೋಡು, ಪಾಪ ಯಾರೂ ಹೇಳದೆ ತಾನಾಗೇ ಮುಯ್ಯಿ ಬರ್ಕೋತಿದ್ದಾನೆ. ನನ್ನ ಕಂಡ್ರೆ ಎಷ್ಟು ಅಭಿಮಾನ ಅಂತೀನಿ, ಒಂದು ಗಳಿಗೆ ಬಿಟ್ಟು ಹೋಗಿಲ್ಲ!"

ಈ ಯುಗಾದಿಗೆ ಮಾವ ಮೂರನೆಯ ಭಾಗ ಹಾಕಿದರು. ಹೆಣ್ಣು ಒಪ್ಪಿಸುವ ಹೊತ್ತು, ಎಲ್ಲರೂ ಅಳುತ್ತಿದ್ದಾರೆ, ಮಾವ ಕಾರಿನ ಬಾಗಿಲು ಹಿಡಿದಿದ್ದಾರೆ, ಆತ ಅವರ ಬೆನ್ನಿಗೇ ಅಂಟಿ ಪುಸ್ತಕ ಬಿಚ್ಚಿ ತೋರಿಸುತ್ತಿದ್ದಾನೆ. ಮಾವ "ನಿಲ್ಸು" ಎಂದರು, ಮೊಮ್ಮಗಳು ನಿಲ್ಲಿಸಿದಳು. ಅತ್ತೆ ಖಾಲಿ ಕಾಫಿ ಲೋಟ ಎತ್ತಿಕೊಳ್ಳಲು ಬಂದರು. ಇಷ್ಟು ವರ್ಷ ಈ ಪ್ರದರ್ಶನಗಳಿಗೆಲ್ಲ ಕಾಫಿ ಒದಗಿಸಿದವರು ಅವರು, ಕೂತು ನೋಡಿದವರಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಟೀವಿಯ ಹತ್ತಿರ ಹೋದರು.

"ಅಯ್ಯೋ, ಇವ್ರು ನಮ್ಮ ಅಡುಗೆ ಕಂಟ್ರಾಕ್ಟು ಭಟ್ರಲ್ವೇನ್ರೀ?"

ಮಾವ ಉತ್ತರ ಕೊಡಲಿಲ್ಲ.

"ಮದುವೆ ಆದ್ಮೇಲೂ ಎರಡು ತಿಂಗಳು ಬಾಕಿ ದುಡ್ಡಿಗೆ ಮನೆಗೆ ಅಲೆದ್ರಲ್ಲ. ಅಡುಗೆ ಲೆಕ್ಕ ಅಂತ ಮಾವನೋರು ನಿಮ್ಮ ಕೈಲೇ ಕೊಟ್ಟಿದ್ರು. ಬಂದಾಗಲೆಲ್ಲ ನೀವು ಬಚ್ಚಲಲ್ಲಿ ಇರ್ತಿದ್ರಿ."

"ನನಗೇನೂ ನೆನಪಿಲ್ಲ."

"ನನಗಿದೆ. ಆ ವಾರಾನೇ ನೀವು ವಿಸಿಆರ್ ತಂದಿದ್ದು."

ಮಾವ ಮೊಮ್ಮಗಳ ಕೈಯಿಂದ ರಿಮೋಟು ಕಿತ್ತುಕೊಂಡರು. "ಏನು ನೋಡ್ತೀಯ ಇದ್ರಲ್ಲಿ, ಬರೀ ಅಳೋದೇ ಇದೆ," ಎನ್ನುತ್ತಾ ಜೀವನದಲ್ಲಿ ಮೊದಲ ಸಲ ಫಾಸ್ಟ್ ಫಾರ್ವರ್ಡ್ ಗುಂಡಿ ಹುಡುಕತೊಡಗಿದರು. ಅದು ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ.